ತೂಕ ಇಳಿಸೋ ಸಿಬಿ1 ಬ್ಲಾಕರ್‌ಗಳು: ಇರುವ ದಾರಿಗಳಲ್ಲಿ ಯಾವುದನ್ನು ನಂಬೋದು?

ಒಂದೇ ವಾರದಲ್ಲಿ ಇಬ್ಬರು ಬಂದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳಿದರು. ಒಬ್ಬ ನನ್ನ ಅಕ್ಕನ ಮಗ. ಎಂ.ಫಾರ್ಮ್ ಓದುತ್ತಿದ್ದಾನೆ, ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದಾನೆ. "ಮಾವ, ಬೊಜ್ಜಿಗೆ ಸಿಬಿ1 ಬ್ಲಾಕರ್ ಮಾಡೋದ್ರಲ್ಲಿ ಯಾವ ಲೈನ್ ಹಿಡೀಲಿ?" ಅಂದ. ಗಾಂಜಾದ ಅಮಲು ದೇಹದಲ್ಲಿ ಹೋಗಿ ಕೂರುವ ಜಾಗ ಸಿಬಿ1, ಅದನ್ನು ತಡೆಯುವ ಔಷಧ ಸಿಬಿ1 ಬ್ಲಾಕರ್. ಇನ್ನೊಬ್ಬರು ಆಲ್ದೂರು ಕಡೆಯ ಕಾಫಿ ತೋಟದಮ್ಮ, ಚಿಕ್ಕಮಗಳೂರಿನ ನಮ್ಮ ಮೆಡಿಕಲ್ ಶಾಪಿಗೆ ಹಳೇ ಗಿರಾಕಿ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಹೇಳಿದ್ದಳಂತೆ, ತೂಕ ಇಳಿಯೋಕೆ ಗಾಂಜಾಕ್ಕೆ ಉಲ್ಟಾ ಕೆಲಸ ಮಾಡುವ ಮಾತ್ರೆ ಬರ್ತಾ ಇದೆ, ಇಂಜೆಕ್ಷನ್ ಬೇಡ, ಸ್ವಲ್ಪ ಕಾಯಿ ಅಂತ. "ಬಂದಿದ್ಯಾ ಮಾರಾಯ್ರೆ?" ಅಂತ ಕೌಂಟರಿಗೆ ಒರಗಿ ಕೇಳಿದರು.

ಇಲ್ಲ, ಬಂದಿಲ್ಲ. ಒಂದು ಸಲ ಬಂದಿತ್ತು, ನಾನೇ ಕೈಯಾರೆ ಕೊಟ್ಟಿದ್ದೇನೆ, ಆಮೇಲೆ ಹೋಯಿತು. ಈಗ ಬೇರೆ ಬೇರೆ ವೇಷದಲ್ಲಿ ವಾಪಸ್ ಬರಲು ನೋಡುತ್ತಿದೆ. ಇಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಔಷಧ ತಯಾರಿಸುವವರ ಮುಂದೆ ಇರುವ ದಾರಿಗಳು ಯಾವುವು, ಒಂದೊಂದರಲ್ಲಿ ಸಿಕ್ಕಿದ್ದೇನು ಕಳಕೊಂಡಿದ್ದೇನು, ಇವತ್ತು ತೂಕ ಇಳಿಸಬೇಕು ಅನ್ನುವವರು ಕಾಯಬೇಕಾ ಬೇಡವಾ.

ಬ್ಲಾಕರ್ ಅಂದರೆ ಏನು ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ, ಬೆಳಗ್ಗೆ ಎದ್ದ ಕೂಡಲೇ ಒಂದನ್ನು ಲೋಟದಲ್ಲಿ ಕುಡಿಯುತ್ತೇವೆ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ಪದಾರ್ಥ ಸೇರುತ್ತಾ ಹೋಗುತ್ತದೆ. ಅದು ತನ್ನ ರಿಸೆಪ್ಟರ್ ಮೇಲೆ, ಅಂದರೆ ಕೋಶದಲ್ಲಿ ತನಗೆಂದೇ ಇರುವ ಸೀಟಿನ ಮೇಲೆ, ಕೂತರೆ ತೂಕಡಿಕೆ. ಕಾಫಿಯಲ್ಲಿರುವ ಕೆಫೀನ್ ಆ ಜಾಗಕ್ಕೆ ಹೋಗಿ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಸುಮ್ನೆ ಹಿಡಿದುಕೊಂಡಿರುತ್ತದೆ. ಅಡೆನೊಸಿನ್‌ಗೆ ಜಾಗ ಇಲ್ಲ, ನಿದ್ದೆ ಹಿಂದೆ ಸರಿಯುತ್ತದೆ. ಆದರೆ ಅದೇ ಜಾತಿಯ ಸೀಟುಗಳು ಹೃದಯದಲ್ಲೂ ಇವೆ, ಮೂತ್ರಪಿಂಡದಲ್ಲೂ ಇವೆ. ಕೆಫೀನ್ ಅಲ್ಲೂ ಟವೆಲ್ ಹಾಕುತ್ತದೆ. ಅದಕ್ಕೇ ಕೆಲವರಿಗೆ ಮೂರನೇ ಲೋಟಕ್ಕೆ ಎದೆ ಡವಡವ, ಪದೇ ಪದೇ ಹಿತ್ತಲ ಕಡೆ ಓಟ. ಸಿಬಿ1 ಕಥೆಯೆಲ್ಲ ಈ ಮಾತಿನ ಮೇಲೇ ನಿಂತಿದೆ: ಸೀಟು ಒಂದೇ ತರಹದ್ದು, ಆದರೆ ಬಸ್ಸು ಹಲವು.

ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿಯನ್ನು ಇಸ್ರೇಲಿನ ರಫೇಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಬೇರ್ಪಡಿಸಿದರು. ಅದು ಹೋಗಿ ಕೂರುವ ಸೀಟು ಸಿಬಿ1, ಅದರ ಜೀನ್ ಕೈಗೆ ಸಿಕ್ಕಿದ್ದು 1990ರಲ್ಲಿ. ಗಾಂಜಾ ಸೇದದವರ ದೇಹದಲ್ಲೂ ಈ ಸೀಟು ಯಾಕಿದೆ? ದೇಹ ತಾನೇ ಅಂಥದ್ದೊಂದು ಪದಾರ್ಥ ತಯಾರಿಸುತ್ತದೆ. 1992ರಲ್ಲಿ ಅದನ್ನು ಕಂಡುಹಿಡಿದವರು ಇಟ್ಟ ಹೆಸರು ಆನಂದಮೈಡ್, ನಮ್ಮ ಸಂಸ್ಕೃತದ 'ಆನಂದ'ದಿಂದಲೇ. ಭಂಗಿ ಸೊಪ್ಪಿನ ಪಾನಕ ಕುಡಿದವರು ತಟ್ಟೆ ತಟ್ಟೆ ತಿನ್ನುವುದನ್ನು ನೋಡಿದ್ದವರಿಗೆ ಮುಂದಿನ ಯೋಚನೆ ಸಹಜವಾಗಿ ಬರುತ್ತದೆ: ಸಿಬಿ1 ಒತ್ತಿದರೆ ಹಸಿವು ಏರುತ್ತದೆ ಅಂದರೆ, ತಡೆದರೆ ಇಳಿಯಬೇಕಲ್ವಾ? ಇಳಿಯುತ್ತದೆ. ಅದರಲ್ಲೇನೂ ಸುಳ್ಳಿಲ್ಲ. ಹಸಿವಷ್ಟೇ ಅಲ್ಲ, ಕೊಬ್ಬಿನ ಕೋಶ, ಲಿವರ್, ಕರುಳು, ಸ್ನಾಯು ಎಲ್ಲ ಕಡೆ ಸಿಬಿ1 ಇದೆ. ಲಿವರಿನಲ್ಲಿ ಅದು ಚುರುಕಾದರೆ ಹೊಸ ಕೊಬ್ಬು ತಯಾರಾಗುತ್ತದೆ. ಸಿಬಿ1 ಇಲ್ಲದ ಹಾಗೆ ಹುಟ್ಟಿಸಿದ ಇಲಿಗಳು ಕೊಬ್ಬಿನ ಆಹಾರ ತಿಂದರೂ ಸುಲಭಕ್ಕೆ ದಪ್ಪ ಆಗುವುದಿಲ್ಲ.

ಆದರೆ ಮಿದುಳಿನಲ್ಲಿ ಭಯ, ನೆನಪು, ಖುಷಿ, ಬೇಜಾರು ಇವನ್ನೆಲ್ಲ ನೋಡಿಕೊಳ್ಳುವ ಜಾಗಗಳಲ್ಲೂ ಇದೇ ಸಿಬಿ1 ತುಂಬಿದೆ.

ಹಳೇ ದಾರಿ: ಮಿದುಳಿಗೆ ನೇರ ಹೋಗುವವು

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕಂದರೆ ಉಳಿದ ದಾರಿಗಳೆಲ್ಲ ಈ ಏಟು ತಿಂದ ಮೇಲೆ ಹುಟ್ಟಿದವು. ಫ್ರಾನ್ಸಿನ ಸನೋಫಿ ಕಂಪನಿಯ ರಿಮೋನಬಂಟ್ ಅನ್ನುವ ಸಿಬಿ1 ಬ್ಲಾಕರ್ ಬಗ್ಗೆ 1994ರಲ್ಲಿ ಮೊದಲು ವರದಿ ಬಂತು. 2006ರ ಜೂನ್‌ನಲ್ಲಿ ಯುರೋಪಿನಲ್ಲಿ ಅಕಾಂಪ್ಲಿಯಾ ಅನ್ನುವ ಹೆಸರಿನಲ್ಲಿ ಒಪ್ಪಿಗೆ ಸಿಕ್ಕಿತು. ರಿಯೋ-ಯುರೋಪ್ ಅನ್ನುವ ಪರೀಕ್ಷೆಯಲ್ಲಿ ದಿನಕ್ಕೆ 20 ಮಿಲಿಗ್ರಾಂ ತೆಗೆದುಕೊಂಡವರು ಒಂದು ವರ್ಷದಲ್ಲಿ ಸರಾಸರಿ 6.6 ಕಿಲೋ ಇಳಿದರು, ಔಷಧ ಇಲ್ಲದ ಖಾಲಿ ಮಾತ್ರೆ ನುಂಗಿದವರು 1.8 ಕಿಲೋ. ಸೊಂಟದ ಸುತ್ತಳತೆಯೂ ಇಳಿಯಿತು, ಒಳ್ಳೆಯ ಕೊಲೆಸ್ಟ್ರಾಲ್ ಏರಿತು. ಆ ಕಾಲಕ್ಕೆ ಇದು ದೊಡ್ಡ ಸುದ್ದಿ. ರೆಪ್‌ಗಳು ಹೊಳೆಯುವ ಕಾಗದ ಹಿಡಿದು ಬರುತ್ತಿದ್ದರು. ನಮ್ಮ ದೇಶದ ಕಂಪನಿಗಳೂ ಬೇಗ ಬೇಗ ತಮ್ಮ ಬ್ರಾಂಡ್ ಇಳಿಸಿದವು.

ನಾನು ಆಗ ಅಂಗಡಿಗೆ ಹೊಸಬ. ಕಡೂರು ಕಡೆಯ ಮೇಷ್ಟ್ರು ಒಬ್ಬರು ಚೀಟಿ ತಂದು ಪ್ರತಿ ತಿಂಗಳೂ ಸ್ಟ್ರಿಪ್ ಒಯ್ಯುತ್ತಿದ್ದರು. ಮೂರು ತಿಂಗಳಿಗೆ ಷರ್ಟು ದೊಗಲೆಯಾಗಿತ್ತು, ನಾನು ಹೊಗಳಿದೆ. ನಾಲ್ಕನೇ ತಿಂಗಳು ಅವರ ಹೆಂಡತಿ ಬಂದರು. "ಊಟ ಕಡಿಮೆ ಮಾಡಿದ್ರು ಅಂತ ಖುಷಿಯಾಗಿತ್ತು. ಈಗ ಮಾತೇ ಕಡಿಮೆಯಾಗಿದೆ. ರಾತ್ರಿ ಜಗಲಿ ಮೇಲೆ ಸುಮ್ನೆ ಕೂತಿರ್ತಾರೆ" ಅಂದರು. ನಾನು ಏನೂ ಯೋಚಿಸದೆ, ಪರೀಕ್ಷೆ ಪೇಪರ್ ತಿದ್ದೋ ಕಾಲ ಅಲ್ವಾ, ಸುಸ್ತಿರಬೇಕು ಅಂದೆ. ಆಮೇಲೆ ಡಾಕ್ಟರೇ ನಿಲ್ಲಿಸಿದರು, ಕೆಲವು ವಾರಕ್ಕೆ ಮೇಷ್ಟ್ರು ಮೊದಲಿನ ಹಾಗಾದರು, ತೂಕವೂ ಮೊದಲಿನ ಹಾಗಾಯಿತು. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಆ ಹೊತ್ತಿಗೆ ದೊಡ್ಡ ಲೆಕ್ಕಗಳೂ ಅದನ್ನೇ ಹೇಳುತ್ತಿದ್ದವು. 2007ರ ಜೂನ್‌ನಲ್ಲಿ ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎಯ ಸಲಹಾ ಸಮಿತಿಯ 14 ಜನರೂ ಬೇಡ ಅಂತ ಮತ ಹಾಕಿದರು, ಹಾಗಾಗಿ ಅಲ್ಲಿ ಅದು ಅಂಗಡಿಗೆ ಬರಲೇ ಇಲ್ಲ. 2008ರ ಅಕ್ಟೋಬರ್‌ನಲ್ಲಿ ಯುರೋಪ್ ಮಾರಾಟ ತಡೆಹಿಡಿಯಿತು. ನಮ್ಮಲ್ಲಿ 2009ರಲ್ಲಿ ನಿಷೇಧ ಆಯಿತು.

ಕ್ರೆಸೆಂಡೋ ಅನ್ನುವ ಪರೀಕ್ಷೆಯ ಅಂಕಿ ನೋಡಿ. 18,695 ಜನ ಸೇರಿದ್ದರು, ಹೃದಯಾಘಾತ ತಪ್ಪುತ್ತದಾ ಅಂತ ನೋಡಲು. ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮನಸ್ಸು ಮತ್ತು ನರಕ್ಕೆ ಸಂಬಂಧಪಟ್ಟ ತೊಂದರೆ ಔಷಧ ತೆಗೆದುಕೊಂಡವರಲ್ಲಿ ನೂರಕ್ಕೆ 32 ಜನರಿಗೆ, ಖಾಲಿ ಮಾತ್ರೆಯವರಲ್ಲಿ 21 ಜನರಿಗೆ. ಔಷಧದ ಕಡೆ ನಾಲ್ಕು ಆತ್ಮಹತ್ಯೆ, ಇನ್ನೊಂದು ಕಡೆ ಒಂದು. ಇನ್ನೂ ಒಂದು ಮಾತು ಇದೆ, ಅಳಿಯನಿಗೆ ಇದನ್ನು ಎರಡು ಸಲ ಹೇಳಿದೆ: ಮೊದಲ ರಿಯೋ ಪರೀಕ್ಷೆಗಳಲ್ಲಿ ಗಂಭೀರ ಮಾನಸಿಕ ಕಾಯಿಲೆ ಇದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಅಂಗಡಿಗೆ ಬರುವವರನ್ನು ಹಾಗೆ ಸೋಸಲು ಆಗುತ್ತದಾ? ದಪ್ಪ ಇರುವ ಎಷ್ಟೋ ಜನ ಅದರ ಜೊತೆಗೇ ಬೇಜಾರನ್ನೂ ಹೊತ್ತುಕೊಂಡಿರುತ್ತಾರೆ, ಮದುವೆ ಮನೆಯಲ್ಲಿ ಕೇಳುವ ಮಾತುಗಳೇ ಸಾಕು.

ರಿಮೋನಬಂಟ್ ಬಿದ್ದ ಕೂಡಲೇ ಹಿಂದಿದ್ದವೂ ಸಾಲಾಗಿ ಬಿದ್ದವು. ಮರ್ಕ್ ಕಂಪನಿ ಟಾರನಬಂಟ್ ಅನ್ನು 2008ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು, ಫೈಜರ್ ಒಟೆನಬಂಟ್ ಅನ್ನು ನವೆಂಬರ್‌ನಲ್ಲಿ. ಈ ದಾರಿ ಆರಿಸಬೇಡ. ಇಲ್ಲಿ ಚರ್ಚೆಗೆ ಜಾಗ ಇಲ್ಲ.

ಸಣ್ಣ ಅಡ್ಡದಾರಿ: ನ್ಯೂಟ್ರಲ್ ಬ್ಲಾಕರ್

ಮೇಲೆ ಟವೆಲ್ ಅಂದೆನಲ್ಲ, ರಿಮೋನಬಂಟ್ ನಿಜಕ್ಕೂ ಬರೀ ಟವೆಲ್ ಆಗಿರಲಿಲ್ಲ. ಸಿಬಿ1ಗೆ ಯಾರೂ ಮುಟ್ಟದಿದ್ದರೂ ಹನಿಹನಿ ಕೆಲಸ ಮಾಡುವ ಗುಣ ಇದೆ, ವಾಷರ್ ಸವೆದ ನಲ್ಲಿ ಹಾಗೆ. ರಿಮೋನಬಂಟ್ ಆ ಹನಿಯನ್ನೂ ನಿಲ್ಲಿಸುತ್ತಿತ್ತು. ಇದಕ್ಕೆ ಇನ್ವರ್ಸ್ ಅಗೊನಿಸ್ಟ್ ಅನ್ನುತ್ತಾರೆ. ಬರೀ ಸೀಟು ಹಿಡಿದು, ಹನಿಯನ್ನು ಅದರ ಪಾಡಿಗೆ ಬಿಡುವ ಬ್ಲಾಕರ್ ಮಾಡಿದರೆ ಬೇಜಾರು, ವಾಕರಿಕೆ ಕಡಿಮೆ ಆಗಬಹುದು ಅನ್ನುವುದು ಇನ್ನೊಂದು ಗುಂಪಿನ ಯೋಚನೆ. ಎಎಮ್4113 ಅನ್ನುವ ಪದಾರ್ಥ ಪ್ರಾಣಿಗಳಲ್ಲಿ ಹಾಗೆ ಸ್ವಲ್ಪ ತೋರಿಸಿಯೂ ಇದೆ. ನನಗೆ ಇದು ಕಾಗದದ ಮೇಲೆ ಚೆಂದ. ಆದರೆ ಇಲಿಗೆ ಬೇಜಾರಾಗಿದೆಯಾ ಅಂತ ಕೇಳಿ ತಿಳಿಯುವುದು ಹೇಗೆ? ಹಿಂದೆ ಮೋಸ ಹೋಗಿದ್ದೂ ಅಲ್ಲೇ.

ಈಗಿನ ಹೆದ್ದಾರಿ: ಮಿದುಳಿಗೆ ಹೋಗದ ಮಾತ್ರೆ

ತಲೆಗೆ ಹೋದರೆ ತಾನೇ ತೊಂದರೆ, ಹೊರಗೇ ನಿಲ್ಲಿಸೋಣ, ಲಿವರ್, ಕೊಬ್ಬು, ಕರುಳಿನಲ್ಲಿ ಮಾತ್ರ ಕೆಲಸ ಮಾಡಲಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಜಾರ್ಜ್ ಕುನೋಸ್ ಅವರ ಗುಂಪು ಇದನ್ನೇ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿತು. ಅವರು ಪರೀಕ್ಷಿಸಿದ ಜೆಡಿ5037 ಅನ್ನುವ ಪದಾರ್ಥ ದಪ್ಪ ಇಲಿಗಳಲ್ಲಿ ತೂಕ ಇಳಿಸಿತು, ಹಸಿವು ತಗ್ಗಿಸುವ ಲೆಪ್ಟಿನ್ ಅನ್ನುವ ಹಾರ್ಮೋನಿನ ಮಾತನ್ನು ದೇಹ ಮತ್ತೆ ಕೇಳುವ ಹಾಗೆ ಮಾಡಿತು. ಮಿದುಳಿನ ಬಾಗಿಲಲ್ಲಿ ಒಂದು ಪಂಪ್ ಇದೆ, ಬೇಡದ್ದನ್ನು ಹೊರಗೆ ತಳ್ಳುವುದು ಅದರ ಕೆಲಸ. ಆ ಪಂಪ್ ಗುರುತು ಹಿಡಿಯುವ ಹಾಗೆ ಪದಾರ್ಥ ತಯಾರಿಸುವುದು ಒಂದು ಉಪಾಯ, ಕೊಬ್ಬಿನ ಗೋಡೆ ದಾಟಲು ಕಷ್ಟ ಆಗುವ ಹಾಗೆ ಅದರ ರಚನೆ ಬದಲಿಸುವುದು ಇನ್ನೊಂದು.

ಈ ಸಾಲಿನಲ್ಲಿ ಮುಂದೆ ಬಂದಿದ್ದು ಮಾನ್‌ಲುನಬಂಟ್. ಕೆನಡಾದ ಇನ್ವರ್ಸಾಗೋ ಕಂಪನಿಯದ್ದು. 2023ರಲ್ಲಿ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್, ಅಂದರೆ ತೂಕ ಇಳಿಸುವ ಇಂಜೆಕ್ಷನ್ ಸೆಮಾಗ್ಲುಟೈಡ್ ಮಾರುವ ಕಂಪನಿಯೇ, 107.5 ಕೋಟಿ ಡಾಲರ್‌ವರೆಗೆ ಕೊಡುವ ಒಪ್ಪಂದ ಮಾಡಿ ಇನ್ವರ್ಸಾಗೋವನ್ನು ಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಫಲಿತಾಂಶ ಬಂತು. 243 ಜನ, ಶುರುವಿನಲ್ಲಿ ಸರಾಸರಿ 110.1 ಕಿಲೋ, 16 ವಾರ. ದಿನಕ್ಕೆ 10 ಮಿಲಿಗ್ರಾಂ ತೆಗೆದುಕೊಂಡವರು 7.1 ಕಿಲೋ ಇಳಿದರು, ಖಾಲಿ ಮಾತ್ರೆಯವರು 0.7 ಕಿಲೋ. ಚೆನ್ನಾಗಿದೆ ಅಲ್ವಾ? ಆದರೂ ಆ ದಿನ ಕಂಪನಿಯ ಷೇರು ಬಿತ್ತು.

ಯಾಕೆ ಬಿತ್ತು ಅನ್ನುವುದರಲ್ಲಿ ಈ ಇಡೀ ಹೋಲಿಕೆಯ ತಿರುಳು ಇದೆ. 20 ಮತ್ತು 50 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ತೂಕ ಹೇಳಿಕೊಳ್ಳುವಷ್ಟು ಜಾಸ್ತಿ ಇಳಿಯಲಿಲ್ಲ. ಆದರೆ ಆತಂಕ, ಸಿಡುಕು, ನಿದ್ದೆಗೇಡು ಡೋಸ್ ಜೊತೆಗೇ ಏರುತ್ತಾ ಹೋಯಿತು. ಹೆಚ್ಚಿನವು ಸಣ್ಣ ಅಥವಾ ಮಧ್ಯಮ ಮಟ್ಟದವು ಅಂತ ಕಂಪನಿ ಹೇಳಿತು, ಸರಿ, ಆದರೆ ಮಿದುಳಿಗೆ ಹೋಗುವುದೇ ಇಲ್ಲ ಅಂದ ಮಾತ್ರೆಯಲ್ಲಿ ಇವು ಬರಬಾರದಿತ್ತು. ಬಾಗಿಲಿಗೆ ಚಿಲಕ ಇದೆ ಅಂದರು, ಸಂದಿಯಲ್ಲಿ ಗಾಳಿ ನುಗ್ಗುತ್ತಿದೆ. ಇಲ್ಲಿ ಇನ್ನೊಂದು ಕಡೆಯಿಂದಲೂ ನೋಡಬಹುದು: ತೂಕದ ಗೆರೆ 10ರಲ್ಲೇ ಸಪಾಟಾಗಿದೆ, ಬೇಜಾರಿನ ಗೆರೆ ಮಾತ್ರ ಏರುತ್ತಿದೆ ಅಂದರೆ, 10ಕ್ಕಿಂತ ಕೆಳಗೆ ಎಲ್ಲೋ ಒಂದು ಒಳ್ಳೆಯ ಜಾಗ ಇರಬಹುದು. ಇದು ಸುಮ್ನೆ ಆಸೆಯ ಮಾತಲ್ಲ. ಆದರೆ 16 ವಾರ ಬಹಳ ಕಡಿಮೆ ಸಮಯ, ನಮ್ಮ ಮೇಷ್ಟ್ರಿಗೆ ನಾಲ್ಕನೇ ತಿಂಗಳಿಗೆ ತಾನೇ ಗೊತ್ತಾಗಿದ್ದು. ಸಿಆರ್‌ಬಿ-913 ಅನ್ನುವ ಇನ್ನೊಂದು ಮಾತ್ರೆಯನ್ನು ಕಾರ್ಬಸ್ ಅನ್ನುವ ಅಮೆರಿಕದ ಕಂಪನಿ ಇದಕ್ಕಿಂತಲೂ ಕಡಿಮೆ ಮಿದುಳಿಗೆ ಹೋಗುವ ಹಾಗೆ ತಯಾರಿಸುತ್ತಿದೆ.

ತುಂಬಾ ಬಿಗಿ ಬೀಗ: ಆಂಟಿಬಾಡಿ

ಸಂದಿಯನ್ನೇ ಮುಚ್ಚಬೇಕು ಅಂದರೆ ಮಾತ್ರೆಯ ಬದಲು ದೊಡ್ಡ ಗಾತ್ರದ ಆಂಟಿಬಾಡಿ, ಅಂದರೆ ಒಂದೇ ಗುರಿಗೆ ಅಂಟಿಕೊಳ್ಳುವ ಪ್ರೋಟೀನು, ಬಳಸಬಹುದು. ಅದು ಮಿದುಳಿನ ಬಾಗಿಲಲ್ಲಿ ತೂರುವುದೇ ಕಷ್ಟ. ಅಮೆರಿಕದ ಸ್ಕೈ ಬಯೋಸೈನ್ಸ್ ಕಂಪನಿಯ ನಿಮಾಸಿಮ್ಯಾಬ್ ಇಂಥದ್ದು, ವಾರಕ್ಕೊಂದು ಇಂಜೆಕ್ಷನ್. 2025ರ ಅಕ್ಟೋಬರ್‌ನಲ್ಲಿ ಬಂದ ಫಲಿತಾಂಶ: 26 ವಾರದಲ್ಲಿ ತೂಕ ಇಳಿದಿದ್ದು ನೂರಕ್ಕೆ 1.52, ಖಾಲಿ ಇಂಜೆಕ್ಷನ್‌ಗೆ 0.26. ಗುರಿ ಮುಟ್ಟಲಿಲ್ಲ. ಮನಸ್ಸಿನ ತೊಂದರೆ ಹೆಚ್ಚಾಗಲಿಲ್ಲ, ಅದು ನಿಜ. ಆದರೆ ತೂಕವೂ ಇಳಿಯದ ಮೇಲೆ ಅದನ್ನು ಇಟ್ಟುಕೊಂಡು ಏನು ಮಾಡೋದು! ಡೋಸ್ ಸಾಕಾಗಲಿಲ್ಲ, ರಕ್ತದಲ್ಲಿ ಅಂದುಕೊಂಡಷ್ಟು ಸೇರಲಿಲ್ಲ ಅನ್ನುವುದು ಕಂಪನಿಯ ಮಾತು. ಇರಬಹುದು. ಇನ್ನೊಂದು ಅನುಮಾನವೂ ಇದೆ: ಸಿಬಿ1 ತಡೆದಾಗ ಇಳಿಯುವ ತೂಕದಲ್ಲಿ ದೊಡ್ಡ ಪಾಲು ಮಿದುಳಿನಿಂದಲೇ ಬರುತ್ತಿದ್ದರೆ? ಹಾಗಿದ್ದರೆ ತೂಕ ಮತ್ತು ಖುಷಿ ಒಂದೇ ತಕ್ಕಡಿಯ ಎರಡು ತಟ್ಟೆ, ಒಂದನ್ನು ಮುಟ್ಟದೆ ಇನ್ನೊಂದನ್ನು ಎತ್ತಲು ಆಗುವುದಿಲ್ಲ. ನನ್ನ ಒಲವು ಈ ಅನುಮಾನದ ಕಡೆಗೇ.

ಅದೇ ಪರೀಕ್ಷೆಯಲ್ಲಿ ಒಂದು ಗುಂಪಿಗೆ ನಿಮಾಸಿಮ್ಯಾಬ್ ಜೊತೆ ಸೆಮಾಗ್ಲುಟೈಡ್ ಸೇರಿಸಿ ಕೊಟ್ಟಿದ್ದರು. ಜೋಡಿಗೆ ನೂರಕ್ಕೆ 13.2, ಸೆಮಾಗ್ಲುಟೈಡ್ ಒಂದಕ್ಕೇ 10.25. ಚಿಕ್ಕ ಗುಂಪು, ಹಾಗಾಗಿ ಕುಣಿದಾಡಬೇಕಾಗಿಲ್ಲ. ಆದರೂ ಸಿಬಿ1 ಬ್ಲಾಕರ್‌ಗೆ ಮುಂದೆ ಒಂದು ಜಾಗ ಇದ್ದರೆ ಅದು ಹೀಗೆ ಇನ್ನೊಂದರ ಪಕ್ಕದಲ್ಲಿ ನಿಲ್ಲುವುದೇ ಇರಬೇಕು, ಒಂಟಿಯಾಗಿ ನಿಲ್ಲುವುದು ಕಷ್ಟ.

ಈಗ ಅಂಗಡಿಯಲ್ಲಿ ಇರುವವು

ತೋಟದಮ್ಮನ ಪ್ರಶ್ನೆಗೆ ಬರೋಣ. ಕಾಯಬೇಕಾ? ನಾನು ಬೇಡ ಅಂದೆ. ಹೋಲಿಸಲು ಎದುರಿಗೆ ಇರುವುದು ಜಿಎಲ್‌ಪಿ-1 ಅನ್ನುವ ಕರುಳಿನ ಹಾರ್ಮೋನಿನ ಹಾಗೆ ಕೆಲಸ ಮಾಡುವ ಜಾತಿಯ ಇಂಜೆಕ್ಷನ್‌ಗಳು. ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ನೂರಕ್ಕೆ 14.9 ತೂಕ ಇಳಿಸಿತು, ಖಾಲಿ ಇಂಜೆಕ್ಷನ್ 2.4. ಟಿರ್ಜೆಪಟೈಡ್ ಅತಿ ಹೆಚ್ಚಿನ ಡೋಸ್‌ನಲ್ಲಿ 72 ವಾರಕ್ಕೆ 20.9. ಟಿರ್ಜೆಪಟೈಡ್‌ನ ಬ್ರಾಂಡ್ ಮೌಂಜಾರೋ ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಬಂತು, ಸೆಮಾಗ್ಲುಟೈಡ್‌ನ ವೆಗೋವಿ ಜೂನ್‌ನಲ್ಲಿ. ಇವೂ ಮಿದುಳಿನ ಮೇಲೆ ಕೆಲಸ ಮಾಡುತ್ತವೆ, ಅಂದರೆ ಮಿದುಳು ಮುಟ್ಟುವುದೇ ತಪ್ಪು ಅಂತೇನಿಲ್ಲ, ಯಾವ ಗುಂಡಿ ಮುಟ್ಟುತ್ತೀರಿ ಅನ್ನುವುದರ ಮೇಲಿದೆ. ಇವುಗಳಿಂದಲೂ ಆತ್ಮಹತ್ಯೆಯ ಯೋಚನೆ ಬರುತ್ತದಾ ಅಂತ ಯುರೋಪಿನ ಸಮಿತಿ ಹುಡುಕಿ ನೋಡಿ, ಔಷಧವೇ ಕಾರಣ ಅನ್ನಲು ಆಧಾರ ಇಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಹೇಳಿತು.

ತೊಂದರೆ ಇಲ್ಲವೇ? ಇದೆ. ವಾಕರಿಕೆ, ವಾಂತಿ, ಮಲಬದ್ಧತೆ. ಮೇದೋಜೀರಕ ಗ್ರಂಥಿ ಊದಿಕೊಂಡ ಇತಿಹಾಸ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ನಿಲ್ಲಿಸಿದರೆ ತೂಕ ವಾಪಸ್: ಸೆಮಾಗ್ಲುಟೈಡ್ ಬಿಟ್ಟವರಿಗೆ ಒಂದು ವರ್ಷದಲ್ಲಿ ಇಳಿದಿದ್ದರಲ್ಲಿ ಮೂರರಲ್ಲಿ ಎರಡು ಪಾಲು ಮತ್ತೆ ಬಂತು. ರಿಮೋನಬಂಟ್ ಬಿಟ್ಟವರಿಗೂ ಹಾಗೇ ಆಗಿತ್ತು, ಹಾಗಾಗಿ ಇದರಲ್ಲಿ ಯಾರೂ ಗೆದ್ದಿಲ್ಲ. ದುಡ್ಡಿನ ಮಾತು ಇದ್ದೇ ಇದೆ. ಇನ್ನೊಂದು, ಮಲೆನಾಡಿಗೇ ಸೇರಿದ ಕಷ್ಟ: ಫ್ರಿಜ್. ಜುಲೈ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ ಅಂದರೆ ತೋಟದ ಮನೆಯಲ್ಲಿ ಮುಂದಿನ ತಿಂಗಳಿಗೆ ತೆಗೆದಿಟ್ಟ ಇಂಜೆಕ್ಷನ್ ಪೆನ್ನು ಏನಾಗಬೇಕು? ಅದಕ್ಕೇ ಒಂದೊಂದೇ ತೆಗೆದುಕೊಂಡು ಹೋಗಿ, ಉಳಿದದ್ದು ನಮ್ಮ ಅಂಗಡಿಯ ಫ್ರಿಜ್‌ನಲ್ಲೇ ಇರಲಿ, ಇಲ್ಲಿ ಜನರೇಟರ್ ಇದೆ ಅಂತ ಹೇಳುತ್ತೇನೆ. ಸಿಬಿ1 ಮಾತ್ರೆಗೆ ಏನಾದರೂ ನಿಜವಾದ ಆಕರ್ಷಣೆ ಇದ್ದರೆ ಇದೇ, ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟರೆ ಮುಗಿಯಿತು. ಸೆಮಾಗ್ಲುಟೈಡ್‌ಗೂ ಮಾತ್ರೆ ರೂಪ ಇದೆ, ನಮ್ಮಲ್ಲಿ 2022ರಿಂದ ಸಕ್ಕರೆ ಕಾಯಿಲೆಗೆ ಸಿಗುತ್ತಿದೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಸ್ವಲ್ಪವೇ ನೀರಿನಲ್ಲಿ ನುಂಗಿ ಅರ್ಧ ಗಂಟೆ ಏನೂ ಮುಟ್ಟಬಾರದು. ಅರ್ಧ ಗಂಟೆ ಕಾಫಿ ಇಲ್ಲದೆ! ಇದನ್ನು ಕೇಳಿ ತೋಟದಮ್ಮ ನಕ್ಕೇಬಿಟ್ಟರು.

ಆರ್ಲಿಸ್ಟಾಟ್ ಹಳೆಯದು, ಅಗ್ಗ. ತಿಂದ ಕೊಬ್ಬಿನಲ್ಲಿ ಸುಮಾರು ನೂರಕ್ಕೆ 30ರಷ್ಟು ಕರುಳಿನಿಂದ ಒಳಗೆ ಹೋಗದ ಹಾಗೆ ಮಾಡುತ್ತದೆ, ಮನಸ್ಸಿಗೆ ಏನೂ ಮಾಡುವುದಿಲ್ಲ. ಹಂದಿ ಸಾರು ಕಡುಬು ತಿಂದ ದಿನ ಇದನ್ನು ನುಂಗಿದರೆ ಮಾತ್ರ ಪಾಯಿಖಾನೆ ಹತ್ತಿರದಲ್ಲಿರಲಿ.

ಯಾವುದನ್ನೇ ಆರಿಸುವ ಮೊದಲು ಟೇಪ್ ಹಿಡಿದು ಸೊಂಟ ಅಳೆಯಿರಿ. ನಮ್ಮವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ. ಎತ್ತರಕ್ಕೆ ತೂಕ ಹೋಲಿಸುವ ಬಿಎಮ್‌ಐ ಲೆಕ್ಕದಲ್ಲಿ 23ಕ್ಕೇ ತೂಕ ಹೆಚ್ಚು, 25ಕ್ಕೇ ಬೊಜ್ಜು, ಬಿಳಿಯರ 30ರ ಲೆಕ್ಕ ನಮಗೆ ಬೇಡ. ಆಮೇಲೆ ಡಾಕ್ಟರ ಹತ್ತಿರ ಹೋಗಿ. ಹಿಂದೆ ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದರೆ ನಾಚಿಕೊಳ್ಳದೆ ಹೇಳಿ, ಯಾವ ತೂಕದ ಔಷಧಕ್ಕೂ ಅದು ಬೇಕಾದ ಮಾಹಿತಿ.

ಫೋನಿನಲ್ಲಿ ಬರುವ 'ಹರ್ಬಲ್' ತೂಕದ ಕ್ಯಾಪ್ಸೂಲುಗಳ ಬಗ್ಗೆ ನನಗೆ ಸಿಟ್ಟಿದೆ. 2008ರ ಹೊತ್ತಿಗೆ ಎಫ್‌ಡಿಎ ಇಂಥವನ್ನು ಒಡೆದು ನೋಡಿದಾಗ ಲೇಬಲ್‌ನಲ್ಲಿ ಬರೆಯದೆ ಸಿಬುಟ್ರಮಿನ್ ಅನ್ನುವ ಹಸಿವು ಕುಗ್ಗಿಸುವ ಔಷಧ ಬೆರೆಸಿದ್ದು ಸಿಕ್ಕಿತು, ಕೆಲವದರಲ್ಲಿ ರಿಮೋನಬಂಟೇ ಸಿಕ್ಕಿತು. ಬಾಗಿಲಿನಿಂದ ಹೊರಗೆ ಹಾಕಿದ್ದು ಕಿಟಕಿಯಿಂದ ಬಂದ ಹಾಗೆ. ಗಾಂಜಾ ಗಿಡದಿಂದಲೇ ತೆಗೆಯುವ ಸಿಬಿಡಿ ಎಣ್ಣೆಯೂ ಈ ಬ್ಲಾಕರ್ ಲೆಕ್ಕಕ್ಕೆ ಬರುವುದಿಲ್ಲ, ಹೆಸರು ಹತ್ತಿರ ಇದೆ ಅಷ್ಟೇ.

ತೋಟದಮ್ಮ ಸೊಂಟ ಅಳೆಸಿಕೊಂಡು, ಡಾಕ್ಟರ ದಿನ ಕೇಳಿಕೊಂಡು ಹೋದರು.

ಅಳಿಯನಿಗೆ ಹೇಳಿದ್ದು ಇಷ್ಟು: ತೂಕದ ಹಿಂದೆ ಹೋಗಬೇಡ, ಆ ಓಟದಲ್ಲಿ ಇಂಜೆಕ್ಷನ್‌ಗಳು ಬಹಳ ಮುಂದೆ ಹೋಗಿವೆ. ಮಿದುಳಿನ ಹೊರಗೆ ನಿಲ್ಲುವ ಸಿಬಿ1 ಬ್ಲಾಕರ್ ಅನ್ನೇ ಹಿಡಿ, ಆದರೆ ಕೊಬ್ಬು ತುಂಬಿದ ಲಿವರ್ ಮೇಲೆ ನೋಡು, ಅಲ್ಲಿ ಮಿದುಳಿನ ಸಹಾಯ ಇಲ್ಲದೆಯೂ ಕೆಲಸ ಆಗುವ ಸಾಧ್ಯತೆ ಜಾಸ್ತಿ. ಅವನು ಆಗಲೇ ಹಾಳೆಯಲ್ಲಿ ಕಾಲಂ ಎಳೆದುಕೊಂಡು ಬಂದಿದ್ದ: ತೂಕ, ಸಕ್ಕರೆ, ಲಿವರ್ ಕೊಬ್ಬು. ಇನ್ನೊಂದು ಕಾಲಂ ಸೇರಿಸು, ಇಲಿಯ ರಕ್ತದಲ್ಲಿ ಎಷ್ಟಿತ್ತು, ಮಿದುಳಿನಲ್ಲಿ ಎಷ್ಟು ಸಿಕ್ಕಿತು ಅಂತ, ಪ್ರತಿ ಡೋಸ್‌ಗೂ ಅಂದೆ. "ಮಿದುಳು ತೆಗೆದು ಅಳೆಯೋಕೆ ನಮ್ಮ ಲ್ಯಾಬಲ್ಲಿ ಮಷೀನು ಇಲ್ಲ ಮಾವ, ಬೆಂಗಳೂರಿಗೆ ಕಳಿಸಬೇಕು, ಗೈಡ್ ಒಪ್ಪಲ್ಲ" ಅಂದ. ಒಪ್ಪಿಸು, ಇಲ್ಲ ಬೇರೆ ವಿಷಯ ಹುಡುಕು ಅಂದಿದ್ದೇನೆ. ಸೋಮವಾರ ಕೇಳಿ ಹೇಳುತ್ತಾನಂತೆ.